ಚಿತ್ರ ಕೊಟ್ರಿ, ಕಾಗದ ಎಲ್ಲಿ?

ಗ್ಯಾಲರಿಯವರು ನಿಮ್ಮ ಪೇಂಟಿಂಗ್ ಒಯ್ದರು. “ಮಾರಾಟ ಆದ್ಮೇಲೆ ದುಡ್ಡು” ಅಂದ್ರು. ಬರವಣಿಗೆಯಲ್ಲಿ ಏನಾದ್ರೂ ಇದೆಯಾ? ಇಲ್ಲ. ಯಾಕೆ? ಕೇಳೋಕೆ ಸಂಕೋಚ!

ಹೀಗೆ ಕೇಳಿ: “ಸಾರ್, ಲೆಕ್ಕಕ್ಕಿರಲಿ ಅಂತ ನಾಲ್ಕು ಸಾಲು ಮೇಲ್ ಮಾಡ್ತಿದ್ದೀನಿ, ನೋಡಿ ಒಪ್ಪಿಗೆ ತಿಳಿಸಿ.” ಅದರಲ್ಲಿ ಕೃತಿಯ ಫೋಟೊ, ಅಳತೆ, ಬೆಲೆ, ಅವರ ಕಮಿಷನ್ ಇರಲಿ. ಮಾರಿದ ಎಷ್ಟು ದಿನಕ್ಕೆ ಹಣ, ಹಾಳಾದರೆ ಯಾರು ಹೊಣೆ, ಅದೂ ಇರಲಿ. “ಒಪ್ಪಿಗೆ” ಅಂತ ಬಂದ ಉತ್ತರವೂ ಕೋರ್ಟಲ್ಲಿ ಸಾಕ್ಷಿಯಾಗುತ್ತೆ. ಸಹಿ ಇದ್ರೆ ಇನ್ನೂ ಗಟ್ಟಿ.

ಕ್ಯಾನ್ವಾಸ್ ಮಾರಿದ ಮಾತ್ರಕ್ಕೆ ಕಾಪಿರೈಟ್ ಹೋಗಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಅದನ್ನು ಬರೆದು, ಸಹಿ ಹಾಕಿಯೇ ಕೊಡಬೇಕು. ಕೊಂಡವರು ನಿಮ್ಮನ್ನ ಕೇಳದೆ ಕ್ಯಾಲೆಂಡರ್ ಅಚ್ಚು ಹಾಕಿಸೋ ಹಾಗಿಲ್ಲ. ಆದ್ರೆ ಹುಷಾರ್! ದುಡ್ಡು ಕೊಟ್ಟು ಬರೆಸಿಕೊಂಡ ಭಾವಚಿತ್ರದ ಕಥೆ ಉಲ್ಟಾ. ಬೇರೆ ಒಪ್ಪಂದ ಇಲ್ಲದಿದ್ರೆ ಹಕ್ಕು ಬರೆಸಿದವರದ್ದೇ. ಇದು ಎಷ್ಟೋ ಕಲಾವಿದರಿಗೆ ಗೊತ್ತಿಲ್ಲ.

ಕೃತಿ ಕೈಬಿಟ್ಟು ಹೋದ ಮೇಲೂ ಅದರ ಮಾನ ಕಾಪಾಡೋ ಹಕ್ಕು ನಿಮ್ಮದೇ. ದೆಹಲಿಯ ವಿಜ್ಞಾನ ಭವನದಲ್ಲಿದ್ದ, ಶಿಲ್ಪಿ ಅಮರನಾಥ್ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನ ಸರ್ಕಾರ ಕಿತ್ತು ಗೋದಾಮಿಗೆ ಹಾಕಿತ್ತು. 2005ರಲ್ಲಿ ದೆಹಲಿ ಹೈಕೋರ್ಟ್ ಅವರಿಗೆ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು, ಕೃತಿಯನ್ನೂ ವಾಪಸ್ ಕೊಡಿಸಿತು.

ಹಣ ಬರ್ಲಿಲ್ವಾ? ಫೋನಲ್ಲಿ ಜಗಳ ಬೇಡ. ಬಾಕಿ ಎಷ್ಟು, ಕೊಡೋ ಗಡುವು ಯಾವತ್ತು ಅಂತ ಬರೆದು ಕಳಿಸಿ. ಆಮೇಲೆ ವಕೀಲರ ನೋಟಿಸ್. ಅದಕ್ಕೂ ಜಗ್ಗದಿದ್ರೆ ಸಿವಿಲ್ ದಾವೆ. ಕಾಯ್ತಾ ಕೂರಬೇಡಿ, ಬಾಕಿ ವಸೂಲಿಗೆ ಸಾಮಾನ್ಯವಾಗಿ ಸಿಗೋದು 3 ವರ್ಷ ಮಾತ್ರ.