ಬೋರಮಾಳದ ಗುಂಡಿನಲ್ಲಿ ಚಿನ್ನವೆಷ್ಟು, ಅರಗೆಷ್ಟು?

ಹಳಿಯಾಳ, ಮುಂಡಗೋಡ ಕಡೆಯ ಹಳೆಯ ಮನೆಗಳಲ್ಲಿ ಬೋರಮಾಳ ಸರ ಅಪರೂಪದ ಒಡವೆಯಲ್ಲ. ಮರಾಠಿಯಲ್ಲಿ ಬೋರ ಎಂದರೆ ಬಾರೆಹಣ್ಣು. ಅದೇ ಆಕಾರದ ಗುಂಡುಗಳನ್ನು ಪೋಣಿಸಿದ ಸರವಿದು. ಕಣ್ಣಿಗೆ ಭರ್ತಿ ಕಾಣುವ ಗುಂಡು ಒಳಗೆ ಟೊಳ್ಳು. ಪತ್ತಾರರು ಚಿನ್ನದ ತಗಡನ್ನು ಗುಂಡಾಗಿಸಿ, ಒತ್ತಿದರೆ ನೆಗ್ಗದಿರಲೆಂದು ಒಳಗೆ ಅರಗು ತುಂಬುತ್ತಾರೆ. ತಕ್ಕಡಿಗಿಟ್ಟಾಗ ಚಿನ್ನದ ಜೊತೆ ಅರಗೂ ತೂಗುತ್ತದೆ.

ತಗಡು ಅಷ್ಟು ತೆಳ್ಳಗಾದರೂ ಹರಿಯದಿರುವುದು ಚಿನ್ನದ ಹುಟ್ಟುಗುಣ. ಒಂದು ಗ್ರಾಂ ಚಿನ್ನವನ್ನು ಬಡಿಯುತ್ತ ಹೋದರೆ ಸುಮಾರು ಒಂದು ಚದರ ಮೀಟರಿನಷ್ಟು ಹಾಳೆಯಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಕಬ್ಬಿಣದ ಕತ್ತಿಗೆ ವಾರದಲ್ಲೇ ತುಕ್ಕು ಹಿಡಿದರೂ ಕೊರಳಿನ ತಾಳಿ ಹೊಳೆಯುತ್ತಲೇ ಇರುತ್ತದೆ. ಚಿನ್ನದ ಹಳದಿ ಬಣ್ಣದ ಗುಟ್ಟು ಅದರ ಪರಮಾಣುವಿನಲ್ಲಿದೆ. ಅದರ ನಡುವೆ 79 ಪ್ರೋಟಾನ್‌ಗಳ ಬಲವಾದ ಸೆಳೆತ. ತೀರ ಒಳಗಿನ ಎಲೆಕ್ಟ್ರಾನ್‌ಗಳು ಬೆಳಕಿನ ವೇಗದ ಅರ್ಧಕ್ಕಿಂತ ಹೆಚ್ಚು ವೇಗದಲ್ಲಿರುತ್ತವೆ. ಐನ್‌ಸ್ಟೈನರ ಸಾಪೇಕ್ಷತೆಯ ಲೆಕ್ಕ ಇಲ್ಲಿ ಕೆಲಸ ಮಾಡುತ್ತದೆ. ಎಲೆಕ್ಟ್ರಾನ್‌ಗಳ ಶಕ್ತಿಮಟ್ಟಗಳು ಸರಿದಾಡಿ, ಲೋಹ ನೀಲಿ ಬೆಳಕನ್ನು ನುಂಗಿಕೊಂಡು ಉಳಿದದ್ದನ್ನು ಮರಳಿಸುತ್ತದೆ. ಬೆಳ್ಳಿಯಲ್ಲಿ ಈ ಪರಿಣಾಮ ಕಡಿಮೆ, ಅದಕ್ಕೇ ಅದು ಬಿಳಿ.

ಚಿನ್ನ ಅಸಲಿಯೋ ಎಂದು ನೋಡಲು ನೀರಿನಲ್ಲಿ ಮುಳುಗಿಸಿ ಎನ್ನುವವರಿದ್ದಾರೆ. ಲೆಕ್ಕ ಸರಿಯೇ. ಹತ್ತು ಗ್ರಾಂ ಶುದ್ಧ ಚಿನ್ನ 0.52 ಮಿಲಿಲೀಟರ್ ನೀರನ್ನಷ್ಟೇ ಸರಿಸುತ್ತದೆ. 22 ಕ್ಯಾರೆಟ್ಟಿನದು ಸುಮಾರು 0.56, ಹಿತ್ತಾಳೆಯಾದರೆ ಹೆಚ್ಚುಕಡಿಮೆ 1.2. ಆದರೆ ಹತ್ತು ಗ್ರಾಂ ಬೋರಮಾಳದಲ್ಲಿ ಎರಡು ಗ್ರಾಂ ಅರಗಿದ್ದರೆ ಅದು ಎರಡು ಮಿಲಿಲೀಟರಿಗೂ ಹೆಚ್ಚು ನೀರನ್ನು ಸರಿಸಿ, ಅಪ್ಪಟ ಚಿನ್ನದ ಸರವೇ ಹಿತ್ತಾಳೆಗಿಂತ ಹಗುರ ಎನಿಸಿಕೊಳ್ಳುತ್ತದೆ. ಇನ್ನೊಂದೆಡೆ, ಚಿನ್ನದಷ್ಟೇ ಸಾಂದ್ರತೆಯ ಟಂಗ್‌ಸ್ಟನ್‌ಗೆ ಚಿನ್ನದ ಹೊದಿಕೆ ಹಾಕಿದ ಖೋಟಾ ಬಿಸ್ಕತ್ತು ಇದೇ ಪರೀಕ್ಷೆಯಲ್ಲಿ ಪಾಸಾಗುತ್ತದೆ.

ಅಕ್ಕಸಾಲಿಗರ ಒರೆಗಲ್ಲು ಬೇರೆ ದಾರಿ ಹಿಡಿಯುತ್ತದೆ. ಕರಿಯ ಕಲ್ಲಿನ ಮೇಲೆ ಒಡವೆಯನ್ನು ಉಜ್ಜಿ, ಬಿದ್ದ ಗೆರೆಯ ಮೇಲೆ ನೈಟ್ರಿಕ್ ಆಮ್ಲದ ಹನಿ ಬಿಟ್ಟರೆ ತಾಮ್ರ, ಹಿತ್ತಾಳೆ ಕರಗುತ್ತವೆ, ಚಿನ್ನ ಉಳಿಯುತ್ತದೆ. ಈಗ ಅಂಗಡಿಗಳಲ್ಲಿ ಎಕ್ಸ್‌ರೇ ಯಂತ್ರವೂ ಬಂದಿದೆ. ಅದಾದರೂ ಓದುವುದು ಮೇಲ್ಪದರವನ್ನು ಮಾತ್ರ. ಹಾಗಾಗಿ ಹಾಲ್‌ಮಾರ್ಕ್ ಮುದ್ರೆಯನ್ನು ನೋಡಿ ಕೊಳ್ಳುವುದು ಲೇಸು. 916 ಎಂದರೆ ಸಾವಿರ ಪಾಲಿನಲ್ಲಿ 916 ಪಾಲು ಚಿನ್ನ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಕ್ಷರ-ಅಂಕಿಗಳ ಗುರುತಾದ ಎಚ್‌ಯುಐಡಿ ಇರಲೇಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ತಾಳೆ ನೋಡಬಹುದು.

ಬೆಲೆಯೊಳಗೂ ಅರಗು ಇರುತ್ತದೆ. ಹತ್ತು ಗ್ರಾಂ ಶುದ್ಧ ಚಿನ್ನಕ್ಕೆ ಒಂದು ಲಕ್ಷ ರೂಪಾಯಿ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಕಬ್ಬಿನ ಬಿಲ್ಲು ಕೈಸೇರಿದ ಹಳಿಯಾಳದ ರೈತರೊಬ್ಬರು 22 ಕ್ಯಾರೆಟ್ಟಿನ ಹತ್ತು ಗ್ರಾಂ ಚೈನು ಕೊಂಡರೆ, ಅದರಲ್ಲಿನ ಚಿನ್ನದ ಬೆಲೆ 91,600 ರೂಪಾಯಿ. ಮಜೂರಿ ಶೇ 10 ಎಂದರೆ 9,160. ಮೇಲೆ ಶೇ 3 ಜಿಎಸ್‌ಟಿ. ಒಟ್ಟು 1,03,783. ಮರುದಿನವೇ ಮಾರಲು ಹೋದರೆ ಸಿಗುವುದು ಹೆಚ್ಚೆಂದರೆ 91,600. ಹಾಕಿದ ದುಡ್ಡು ಮರಳಬೇಕಾದರೆ ಚಿನ್ನದ ದರ ಶೇ 13ಕ್ಕೂ ಮಿಕ್ಕಿ ಏರಬೇಕು. ತೊಡುವ ಸಂತೋಷಕ್ಕೆ ಕೊಟ್ಟ ಬೆಲೆ ಅದು. ಹೂಡಿಕೆಯ ಖಾತೆಗೆ ಬರೆಯುವಂಥದ್ದಲ್ಲ.

ನಾಣ್ಯಕ್ಕೆ ಮಜೂರಿ ಕಡಿಮೆ, ಜಿಎಸ್‌ಟಿ ತಪ್ಪದು. ಭಾರತಕ್ಕೆ 2007ರಲ್ಲಿ ಬಂದ, ಷೇರಿನಂತೆ ಕೊಳ್ಳುವ ನಿಧಿಯಾದ ಗೋಲ್ಡ್ ಇಟಿಎಫ್‌ಗೆ ಮಜೂರಿಯೂ ಇಲ್ಲ, ಕಳವಿನ ಭಯವೂ ಇಲ್ಲ. ಯೂನಿಟ್ಟುಗಳ ಹಿಂದೆ ಗಟ್ಟಿ ಚಿನ್ನ ಇರುತ್ತದೆ. ಡಿಮ್ಯಾಟ್ ಖಾತೆ ಬೇಕು, ವರ್ಷವರ್ಷ ನಿರ್ವಹಣೆಯ ಖರ್ಚು ಮುರಿದುಕೊಳ್ಳುತ್ತಾರೆ. ಸರಕಾರದ ಚಿನ್ನದ ಬಾಂಡ್ ಇನ್ನೂ ಲಾಭದ್ದಾಗಿತ್ತು. 2015ರ ನವೆಂಬರಿನ ಮೊದಲ ಕಂತನ್ನು ಗ್ರಾಮಿಗೆ 2,684 ರೂಪಾಯಿಯಂತೆ ಕೊಂಡವರಿಗೆ 2023ರ ನವೆಂಬರಿನಲ್ಲಿ 6,132 ರೂಪಾಯಿ ಸಿಕ್ಕಿತು. ಜೊತೆಗೆ ವರ್ಷಕ್ಕೆ ಶೇ 2.75 ಬಡ್ಡಿ. 2024ರ ಫೆಬ್ರುವರಿಯ ಕಂತಿನ ನಂತರ ಹೊಸ ಬಾಂಡ್ ಬರಲಿಲ್ಲ. ಹಳೆಯವು ಷೇರುಪೇಟೆಯಲ್ಲಿ ಕೈ ಬದಲಾಯಿಸುತ್ತವೆ. ಮೊಬೈಲಿನಲ್ಲಿ ಹತ್ತು ರೂಪಾಯಿಗೂ ಸಿಗುವ ‘ಡಿಜಿಟಲ್ ಚಿನ್ನ’ ಮಾತ್ರ ತನ್ನ ನಿಯಂತ್ರಣದಲ್ಲಿಲ್ಲ ಎಂದು ಷೇರುಪೇಟೆಯ ನಿಯಂತ್ರಕ ಸೆಬಿ 2025ರ ನವೆಂಬರಿನಲ್ಲಿ ಎಚ್ಚರಿಸಿದೆ.

ದರ ಏರುತ್ತಲೇ ಇರುತ್ತದೆ ಎಂಬ ನಂಬಿಕೆಗೆ ಇತಿಹಾಸದ ಬೆಂಬಲ ಇಲ್ಲ. 1980ರ ಜನವರಿಯಲ್ಲಿ ಲಂಡನ್ ಪೇಟೆಯಲ್ಲಿ ಒಂದು ಔನ್ಸಿಗೆ 850 ಡಾಲರ್ ಇದ್ದದ್ದು 1999ರಲ್ಲಿ 253 ಡಾಲರಿನ ಆಸುಪಾಸಿಗೆ ಇಳಿಯಿತು. ಹಳೆಯ ಎತ್ತರ ದಾಟಲು 2008 ಬರಬೇಕಾಯಿತು. ರೂಪಾಯಿ ಕುಸಿದದ್ದರಿಂದ ನಮಗೆ ಆ ಪೆಟ್ಟು ಅಷ್ಟಾಗಿ ತಟ್ಟಲಿಲ್ಲ.

ದರ ಲಂಡನ್ನಿನದೆಂದು ಚಿನ್ನ ನಮಗೆ ಪರದೇಶಿಯಲ್ಲ. ಜೋಯಿಡಾ ಕಡೆ ಮ್ಯಾಂಗನೀಸ್ ಕೊಟ್ಟ ಧಾರವಾಡ ಶಿಲಾಸಮೂಹವೇ ಗದಗಿನ ಕಪ್ಪತಗುಡ್ಡದಲ್ಲೂ ಇದೆ. ಅಲ್ಲಿನ ಹಳ್ಳಗಳ ಮರಳನ್ನು ಮರಿಗೆಯಲ್ಲಿ ತೊಳೆದು ಜಲಗಾರರು ಚಿನ್ನದ ಕಣ ಹೆಕ್ಕುತ್ತಿದ್ದರು. ರಾಯಚೂರು ಜಿಲ್ಲೆಯ ಹಟ್ಟಿ ಗಣಿ ಇಂದಿಗೂ ನಡೆಯುತ್ತಿದೆ. ಆದರೆ ಅದರ ವರ್ಷದ ಉತ್ಪಾದನೆ ಒಂದೂವರೆ ಟನ್ನಿನ ಆಸುಪಾಸು. ದೇಶ ತರಿಸಿಕೊಳ್ಳುವುದು ಏಳೆಂಟು ನೂರು ಟನ್. ಆದ್ದರಿಂದ ದಾಂಡೇಲಿ ಪೇಟೆಯ ದರ ಲಂಡನ್ನಿನಲ್ಲಿ, ಡಾಲರಿನಲ್ಲಿ, ದಿಲ್ಲಿಯ ಸುಂಕದಲ್ಲಿ ತೀರ್ಮಾನವಾಗುತ್ತದೆ. 2024ರ ಜುಲೈ 23ರ ಬಜೆಟ್ಟಿನಲ್ಲಿ ಸುಂಕ ಶೇ 15ರಿಂದ 6ಕ್ಕೆ ಇಳಿದಾಗ ಇಲ್ಲಿಯ ದರ ಅಂದೇ ಕುಸಿಯಿತು.

ಇಷ್ಟಾದರೂ ಮಳೆಗಾಲದ ಮುಂಚೆ ಬೀಜ-ಗೊಬ್ಬರಕ್ಕೆ ಹಣ ಬೇಕಾದಾಗ ಮುಂಡಗೋಡದ ರೈತ ಕುಟುಂಬಕ್ಕೆ ನೆನಪಾಗುವುದು ಇಟಿಎಫ್ ಅಲ್ಲ, ಬೋರಮಾಳವೇ. ರಿಸರ್ವ್ ಬ್ಯಾಂಕಿನ 2025ರ ನಿಯಮದಂತೆ ಇಟಿಎಫ್ ಯೂನಿಟ್ಟಿನ ಮೇಲೆ ಚಿನ್ನದ ಸಾಲ ಕೊಡುವಂತಿಲ್ಲ. ಒಡವೆಯ ಮೇಲೆ, ಎರಡೂವರೆ ಲಕ್ಷದವರೆಗಿನ ಮನೆಬಳಕೆಯ ಸಾಲವಾದರೆ, ಚಿನ್ನದ ಮೌಲ್ಯದ ಶೇ 85ರವರೆಗೆ ಕೊಡಬಹುದು. ಮೌಲ್ಯ ಕಟ್ಟುವಾಗ ಲೆಕ್ಕಕ್ಕೆ ಬರುವುದು ಚಿನ್ನ ಮಾತ್ರ; ಹರಳು, ದಾರ, ಮಜೂರಿ ಯಾವುದೂ ಅಲ್ಲ. ತೂಗುವವರು ಸರವನ್ನು ತಕ್ಕಡಿಗಿಟ್ಟು, ಒಂದು ಗುಂಡನ್ನು ಬೆರಳಲ್ಲಿ ತಿರುಗಿಸಿ ನೋಡಿ, ಒಟ್ಟು ತೂಕದ ಕೆಳಗೆ ಮೊದಲು ಅರಗನ್ನೇ ಕಳೆಯುತ್ತಾರೆ.