ಹುಲ್ಲುಗಾಡಿಯಿಂದ ಹಲಸೂರು ಕೆರೆಗೆ

ಇಂದಿರಾನಗರದ ಮಕ್ಕಳಲ್ಲಿ ಗಾಡಿಯೊಂದು ಹೊಳೆ ದಾಟುವುದನ್ನು ಕಣ್ಣಾರೆ ಕಂಡವರು ಎಷ್ಟು ಮಂದಿ? ಕೆ.ಆರ್. ಪುರದ ಆಚೆ ರಾಗಿ ಹೊಲಗಳಿದ್ದ ನೆನಪು ಈಗ ಹಿರಿಯರಿಗಷ್ಟೇ. ಹಳ್ಳಿಯ ನೋಟವನ್ನು ತೈಲವರ್ಣದಲ್ಲಿ ಬರೆಯಲು ಹೊರಡುವ ಇಲ್ಲಿನ ವಿದ್ಯಾರ್ಥಿ ಮೊದಲು ಹೊಲದ ಮುಂದಲ್ಲ, ಇನ್ನೊಬ್ಬರ ಚಿತ್ರದ ಮುಂದೆ ಕೂರಬೇಕಾಗುತ್ತದೆ. ‘ಕಾಪಿ ಹೊಡೆಯುವುದಕ್ಕೂ ಫೀಸೇ?’ ಎಂದು ತಂದೆತಾಯಿ ಹುಬ್ಬೇರಿಸಿದರೆ ತಪ್ಪಲ್ಲ. ಪರೀಕ್ಷೆಯಲ್ಲಿ ಡಿಬಾರ್ ಮಾಡಿಸುವ ಕೆಲಸ ಚಿತ್ರಶಾಲೆಯಲ್ಲಿ ಪಾಠವಾಗುವುದು ಹೇಗೆ?

ಇಂಗ್ಲೆಂಡಿನ ಜಾನ್ ಕಾನ್‌ಸ್ಟೆಬಲ್ (1776–1837) ಬರೆದ ‘ದಿ ಹೇ ವೇನ್’ ಇಂಥ ಅಭ್ಯಾಸಕ್ಕೆ ಹೇಳಿ ಮಾಡಿಸಿದ ಚಿತ್ರ. 1821ರದು, ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಸ್ಟೌರ್ ನದಿಯ ತೆಳುನೀರಿನಲ್ಲಿ ಬರಿದಾದ ಹುಲ್ಲುಗಾಡಿ, ಎಡಕ್ಕೊಂದು ಮನೆ, ಮೇಲೆ ಮೋಡಗಳ ಮೆರವಣಿಗೆ. ಇದನ್ನು ಬರೆದ ಎರಡು ವರ್ಷಗಳ ನಂತರ, ನಲವತ್ತೇಳರ ವಯಸ್ಸಿನಲ್ಲಿ, ಆತ ಸರ್ ಜಾರ್ಜ್ ಬ್ಯೂಮಾಂಟ್ ಅವರ ಮನೆಯಲ್ಲಿ ಕುಳಿತು ಕ್ಲಾಡ್ ಲೊರೇನನ ಚಿತ್ರಗಳನ್ನು ನಕಲು ಮಾಡುತ್ತಿದ್ದ!

ಮೊದಲು ಚೌಕಳಿ ಎಳೆದು ಗೆರೆ ಮೂಡಿಸಿಕೊಳ್ಳಬೇಕು. ನಂತರ ಟರ್ಪೆಂಟೈನಿನಲ್ಲಿ ತೆಳುವಾಗಿಸಿದ ಕಂದು ಬಣ್ಣವೊಂದರಲ್ಲೇ ನೆರಳು, ಬೆಳಕು. ಎಲೆ, ಹುಲ್ಲು, ಗಾಡಿಯ ಚಕ್ರದ ಕಡ್ಡಿ ಯಾವುದೂ ಈಗ ಬೇಡ. ಹೊಸಬರಿಗೆ ಈ ತಾಳ್ಮೆಯೇ ಕಷ್ಟ. ಮೇಲಿನ ಪದರಗಳಿಗೆ ಹೋದಂತೆ ಅಗಸೆ ಎಣ್ಣೆಯ ಪಾಲು ಹೆಚ್ಚಬೇಕು. ತೈಲವರ್ಣ ನೀರಿನಂತೆ ಆರಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಗಟ್ಟಿಯಾಗುತ್ತದೆ. ಬೇಗ ಒಣಗುವ ಪದರ ಮೇಲಿದ್ದು ನಿಧಾನದ್ದು ಕೆಳಗಿದ್ದರೆ ಬಿರುಕು ಖಂಡಿತ.

ನಿಜವಾದ ಪಾಠವಿರುವುದು ಹಸಿರಿನಲ್ಲಿ. ಕಲಿಯುವವರು ಟ್ಯೂಬಿನ ಹಸಿರನ್ನೇ ಮರಕ್ಕೂ ಹುಲ್ಲಿಗೂ ಬಳಿದುಬಿಡುತ್ತಾರೆ. ಕಾನ್‌ಸ್ಟೆಬಲ್‌ನ ಹಸಿರಿನಲ್ಲಿ ಹಳದಿಯಿದೆ, ಕಂದು ಇದೆ, ದೂರ ಸರಿದಂತೆ ಬೂದಿಯ ಛಾಯೆಯೂ ಇದೆ. ಇಷ್ಟೆಲ್ಲ ಹಸಿರಿನ ನಡುವೆ ಕುದುರೆಗಳ ಸಜ್ಜಿನ ಮೇಲೆ ಚೂರು ಕೆಂಪು. ಆ ಕೆಂಪನ್ನು ಬೆರಳಿನಿಂದ ಮರೆಮಾಡಿ ನೋಡಿ, ಇಡೀ ಚಿತ್ರ ಮಂಕಾಗುತ್ತದೆ. ನೋಡುತ್ತ ಕುಳಿತವನಿಗಿಂತ ಬರೆಯುತ್ತ ಕುಳಿತವನಿಗೆ ಇದು ಬೇಗ ಹೊಳೆಯುತ್ತದೆ. ನಂಬರು ಹಾಕಿದ ಜಾಗಕ್ಕೆ ಬಣ್ಣ ತುಂಬುವ ಕಿಟ್ಟುಗಳಿಂದ ಇದು ಬಾರದು.

ಇದೇ ಚಿತ್ರಕ್ಕೆ ಆತ ಬರೆದ ಅಷ್ಟೇ ದೊಡ್ಡ ಕರಡು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಅದರ ಮುಂಭಾಗದಲ್ಲಿ ಕುದುರೆ ಸವಾರನೊಬ್ಬನಿದ್ದಾನೆ. ಕೊನೆಯ ಚಿತ್ರದಲ್ಲಿ ಅವನಿಲ್ಲ. ಅಳಿಸಿ ಬರೆಯುವುದು ಗುರುವಿಗೂ ತಪ್ಪಿರಲಿಲ್ಲ ಎಂದು ತಿಳಿದರೆ ಮಕ್ಕಳಿಗೆ ಎಷ್ಟೋ ಧೈರ್ಯ.

ಅಚ್ಚಿನ ಚಿತ್ರವನ್ನೇ ನಂಬಿ ಕೂರುವುದು ಮಾತ್ರ ಸಲ್ಲದು. ಮುದ್ರಣದಲ್ಲಿ ಬಣ್ಣ ಬದಲಾಗುತ್ತದೆ, ಕುಂಚದ ದಪ್ಪ ಕಾಣುವುದೇ ಇಲ್ಲ. ಕಂಟೋನ್ಮೆಂಟ್ ನಿಲ್ದಾಣಕ್ಕೆ ದೂರವಲ್ಲದ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಿದೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಕ್ಯಾನ್ವಾಸನ್ನು ಪಕ್ಕದಿಂದ ನೋಡಲು ಹೇಳಬೇಕು.

ಮನೆಯಲ್ಲಿ ಬರೆಯುವಾಗ ಕಿಟಕಿ ತೆರೆದಿರಲಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು, ತಾನಾಗಿ ಕಾವೇರಿ ಹೊತ್ತಿಕೊಳ್ಳುವುದುಂಟು. ನಕಲಿನ ಹಿಂದೆ ‘ಕಾನ್‌ಸ್ಟೆಬಲ್‌ನ ಚಿತ್ರ ನೋಡಿ ಬರೆದದ್ದು’ ಎಂದು ಬರೆಸುವುದನ್ನು ಮರೆಯಬಾರದು.

ಅದು ಒಣಗುವಷ್ಟರಲ್ಲಿ ಸಣ್ಣ ಹಲಗೆಯೊಂದನ್ನು ಹಿಡಿದು ಬೆಳಗಿನ ಏಳಕ್ಕೆ ಹಲಸೂರು ಕೆರೆಯ ದಂಡೆಗೆ ಹೋಗಬಹುದು. ಸ್ಟೌರ್ ನದಿಯ ಮೋಡ ಅಲ್ಲಿ ಕೆಲಸಕ್ಕೆ ಬಾರದು, ಧೂಳು ಕುಳಿತ ಎಲೆಯ ಬಣ್ಣವೇ ಬೇರೆ. ಬಿಸಿಲು ಏರಿ ನೆರಳು ಜರುಗುವ ಮುನ್ನ ಸಿಗುವುದು ಎರಡು ಗಂಟೆ.