ಪೇಟಿಯ ಮುಂದಿನ ಮೈಕು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಹಳ್ಳಿಗಳಲ್ಲಿ ಸುಗ್ಗಿ ಮುಗಿದು ಜಾತ್ರೆ ಬಂದಿತೆಂದರೆ ಸಣ್ಣಾಟಕ್ಕೆ ಹಂದರ ಹಾಕುವದು ಹಳೆಯ ರೂಢಿ. ಸಣ್ಣಾಟದ ಜೀವವೆಲ್ಲ ಹಾಡು ಮತ್ತು ಮಾತಿನಲ್ಲಿದೆ. ಬೈಲವಾಡದ ಪತ್ತಾರ ಮಾಸ್ತರರು ಕಟ್ಟಿದ 'ಸಂಗ್ಯಾ-ಬಾಳ್ಯಾ' ಆಟವನ್ನೇ ತೆಗೆದುಕೊಳ್ಳಿರಿ. ಅದು ಬೈಲಹೊಂಗಲದ್ದೇ ಕಥೆ. ಜೀವದ ಗೆಳೆಯನಾದ ಬಾಳ್ಯಾ ಯಾವ ಆಸೆಗೆ ಸೋತು ಸಂಗ್ಯಾನನ್ನು ಕೊಲೆಗೆ ಒಪ್ಪಿಸಿದನೆಂಬುದು ಕಿವಿಗೆ ಬೀಳದಿದ್ದರೆ ಕೊನೆಯ ಕೊಲೆ ಬರಿಯ ಗದ್ದಲವಾಗುವದು. ಆದರೆ ಹಿಂದೆ ಕುಳಿತ ಮಂದಿಯ ದೂರು ಸಾಮಾನ್ಯವಾಗಿ ಒಂದೇ: "ಪೇಟಿ ಕೇಳಿಸ್ತು, ಪದ ಕೇಳಿಸ್ಲಿಲ್ಲ." ಮೈಕು ಇದ್ದೂ ಹೀಗೇಕೆ?

ಏಣಗಿ ಬಾಳಪ್ಪನವರು ಹುಟ್ಟಿದ್ದು ೧೯೧೪ರಲ್ಲಿ, ಸವದತ್ತಿ ತಾಲೂಕಿನಲ್ಲಿ. ಅವರು ಹುಡುಗನಾಗಿ ರಂಗಕ್ಕೆ ಬಂದಾಗ ಮೈಕಿನ ಮಾತೇ ಇರಲಿಲ್ಲ. ಕಟ್ಟಕಡೆಯ ಮನುಷ್ಯನಿಗೆ ದನಿ ಮುಟ್ಟಿಸುವದು ನಟನ ಕೆಲಸ, ಆ ದನಿಯ ಕೆಳಗೆ ಪೇಟಿಯನ್ನು ಇಟ್ಟುಕೊಳ್ಳುವದು ಪೇಟಿಯವನ ಕೆಲಸವಾಗಿತ್ತು. ಈಗ ಜನರೇಟರಿನ ಸದ್ದು, ಅಂಗಡಿಗೊಂದು ಕರ್ಣೆ. ಮೈಕು ಬೇಡವೆನ್ನುವಂತಿಲ್ಲ. ಆದರೆ ಅದಕ್ಕೆ ಹಾಡು ಯಾವುದು, ಪೇಟಿ ಯಾವುದು ಎಂಬ ವಿವೇಕವಿಲ್ಲ. ಹತ್ತಿರದ್ದು ಅದಕ್ಕೆ ದೊಡ್ಡದು, ದೂರದ್ದು ಸಣ್ಣದು, ಅಷ್ಟೇ.

ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಮೈಕಿಗೆ ಮುಟ್ಟುವ ದನಿಯ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಬಾಯಿಂದ ಒಂದು ಗೇಣು ದೂರವಿದ್ದ ಮೈಕನ್ನು ಎರಡು ಮೊಳ ದೂರಕ್ಕೆ ಒಯ್ದರೆ ದೂರ ನಾಲ್ಕು ಪಟ್ಟು, ಶಕ್ತಿ ಹದಿನಾರರಲ್ಲಿ ಒಂದು ಪಾಲು. ಹಂದರದ ನಡುವೆ ಒಂದೇ ಮೈಕು ತೂಗಬಿಟ್ಟಲ್ಲಿ ಆಗುವದು ಇದೇ. ಕುಣಿಯಬೇಕಾದ ಪಾತ್ರಧಾರಿಗಳು ಅದರ ಕೆಳಗೆ ಗುಂಪುಗೂಡಿ ನಿಲ್ಲುತ್ತಾರೆ. ಆಟ ನಿಂತ ನೀರಾಗುತ್ತದೆ. ಹೆಜ್ಜೆ ಹಾಕುತ್ತ ಸರಿದವನ ಪದ ಅರ್ಧಕ್ಕೇ ಮಾಯವಾಗುತ್ತದೆ. ಕುಳಿತಲ್ಲಿಯೇ ಕುಳಿತ ಪೇಟಿ ಮಾತ್ರ ಒಂದೇ ಸಮನೆ ಮೊಳಗುತ್ತದೆ. ಆದುದರಿಂದ ಎರಡೇ ಮೈಕು ಸಿಕ್ಕುವಂತಿದ್ದರೆ ಎರಡನ್ನೂ ಹಾಡುವವರಿಗೆ ಕೊಡಿರಿ. ಪೇಟಿ ತಾನಾಗಿಯೇ ಅವುಗಳೊಳಗೆ ಬರುತ್ತದೆ. ಮೂರನೆಯದು ಇದ್ದರೆ ಪೇಟಿಯ ಪಾಳಿ.

ಪೇಟಿಯ ದನಿ ಎಲ್ಲಿಂದ ಹೊರಡುತ್ತದೆಂಬುದನ್ನು ತಿಳಿದು ಮೈಕು ಇಡಬೇಕು. ತಿದಿಯ ಗಾಳಿ ಹಿತ್ತಾಳೆಯ ರೀಡುಗಳನ್ನು ಅದುರಿಸಿ ಮನೆಗಳ ಸಂದಿನಿಂದ ಮೇಲಕ್ಕೆ ಬರುತ್ತದೆ. ತಿದಿಯ ಕಡೆಗೆ ಮೈಕು ಇಟ್ಟರೆ ಉಸುಬುಸು ಸಪ್ಪಳ, ಮನೆಗಳಿಗೆ ತೀರ ಹತ್ತಿರ ಇಟ್ಟರೆ ಕಟಕಟ. ಗೇಣು ಒಂದೂವರೆ ಗೇಣು ಮೇಲೆ, ತಿದಿಗೆ ಬೆನ್ನು ಮಾಡಿ, ಮನೆಗಳ ನಡುಭಾಗಕ್ಕೆ ಮೋರೆ ಮಾಡಿ ಇಡುವದು ಲೇಸು. ಆಕಾಶವಾಣಿಯ ಪುಟದಲ್ಲಿ ಪೇಟಿಯ ಬಗೆಗೆ ಇಷ್ಟು ಬರೆಯುವಾಗ ತುಸು ನಗೆ ಬರುತ್ತದೆ. ಮೀಂಡಿಗೂ ಸೂಕ್ಷ್ಮ ಶ್ರುತಿಗೂ ಒಗ್ಗದ ವಾದ್ಯವೆಂದು ೧೯೪೦ರಿಂದ ೧೯೭೧ರವರೆಗೆ ಆಕಾಶವಾಣಿ ಅದನ್ನು ಹೊರಗಿಟ್ಟಿತ್ತು. ೧೯೫೦ರಲ್ಲಿ ಆರಂಭವಾದ ಧಾರವಾಡ ಕೇಂದ್ರದ ಮೊದಲ ಎರಡು ದಶಕಗಳು ಆ ನಿಷೇಧದಲ್ಲಿಯೇ ಕಳೆದವು. ಸಣ್ಣಾಟದವರು ಮಾತ್ರ ಪೇಟಿಯನ್ನು ಬಿಡಲಿಲ್ಲ.

ಇನ್ನು ಎಂಥ ಮೈಕು? ಜಾತ್ರೆಯ ಬಯಲಿಗೆ ಡೈನಮಿಕ್ ಮೈಕೇ ಸರಿ. ತೆಳುವಾದ ಪರದೆಗೆ ಅಂಟಿದ ತಂತಿಯ ಸುರುಳಿ ಅಯಸ್ಕಾಂತದ ನಡುವೆ ಅಲುಗಿ ವಿದ್ಯುತ್ತನ್ನು ಹುಟ್ಟಿಸುವ ಸಾದಾ ಯಂತ್ರವದು. ಧೂಳು, ಬಿಸಿಲು, ಒರಟು ಕೈ ಎಲ್ಲವನ್ನೂ ತಕ್ಕಮಟ್ಟಿಗೆ ತಾಳುತ್ತದೆ. ಕಂಡೆನ್ಸರ್ ಮೈಕು ಸ್ಟುಡಿಯೋದಲ್ಲಿ ಚೆನ್ನ. ಬಯಲಿನಲ್ಲಿ ಗಾಳಿ, ಕೂಸಿನ ಅಳು, ಕರ್ಣೆಯ ದನಿ ಎಲ್ಲವನ್ನೂ ಹಿಡಿದು ಬೇಗನೆ ಸಿಳ್ಳು ಹೊಡೆಯುತ್ತದೆ. ಮುಂದಿನ ದನಿಯನ್ನೇ ಹೆಚ್ಚಾಗಿ ಹಿಡಿಯುವ ಮೈಕನ್ನು ಕೇಳಿ ಪಡೆಯಿರಿ. ಕರ್ಣೆಗಳು ಅದಕ್ಕಿಂತ ಮುಂದೆ, ಮಂದಿಯ ಕಡೆಗೆ ಮೋರೆ ಮಾಡಿರಲಿ. ಮೈಕಿನಿಂದ ಆಂಪ್ಲಿಫಾಯರಿಗೆ ತಂತಿ ಉದ್ದವಿದ್ದರೆ ಕಡಿಮೆ ಓಮಿನ, ಮೂರು ಸೂಜಿಯ ಮೈಕು ಬೇಕು. ಹೆಚ್ಚು ಓಮಿನದರಲ್ಲಿ ಇಪ್ಪತ್ತು ಅಡಿ ದಾಟುವಷ್ಟರಲ್ಲಿ ಮೇಲಿನ ಸ್ವರಗಳು ಮಂಕಾಗಿ, ಗುಂಯ್‌ಗುಡುವಿಕೆ ಸೇರಿಕೊಳ್ಳುತ್ತದೆ.

ಮೈಕಿನ ಜಾಳಿಗೆಯನ್ನು ಮುಷ್ಟಿಯಲ್ಲಿ ಮುಚ್ಚಿ ಹಾಡುವದು ಇಂದಿನ ಹುಡುಗರ ಚಾಳಿ. ಮುಚ್ಚಿದರೆ ಅದರ ದಿಕ್ಕಿನ ಗುಣ ಕೆಟ್ಟು ಸಿಳ್ಳು ಶುರುವಾಗುತ್ತದೆ. ಇದನ್ನೇ ಬೇಕೆಂದು ಮಾಡಿದವರೂ ಉಂಟು. ಪೇಟಿಯ ತಮ್ಮನೆನ್ನಬಹುದಾದ ಮೌತ್ ಆರ್ಗನ್ನಿನಲ್ಲಿಯೂ ಇಂಥವೇ ರೀಡುಗಳು. ಅಮೇರಿಕೆಯ ಶಿಕಾಗೋದಲ್ಲಿ ಲಿಟಲ್ ವಾಲ್ಟರ್ ಮೊದಲಾದವರು ಮೌತ್ ಆರ್ಗನ್ ಮತ್ತು ಮೈಕು ಎರಡನ್ನೂ ಒಂದೇ ಬೊಗಸೆಯಲ್ಲಿ ಅಮುಕಿ ಹಿಡಿದು, ಸಣ್ಣ ಆಂಪ್ಲಿಫಾಯರನ್ನು ಒಡೆಯುವಂತೆ ಕೂಗಿಸಿ, ಸ್ಯಾಕ್ಸೋಫೋನಿನಂಥ ದಪ್ಪ ದನಿ ತೆಗೆದರು; ೧೯೫೨ರ 'ಜೂಕ್' ಎಂಬ ಮುದ್ರಿಕೆ ಅದಕ್ಕೆ ಹೆಸರಾಯಿತು. ಅಲ್ಲಿ ಪದವಿರಲಿಲ್ಲ, ಬರಿಯ ವಾದ್ಯ. ನಮ್ಮಲ್ಲಿ ಪದವೇ ಮುಖ್ಯ. ಅವರಲ್ಲಿ ಅನೇಕರು ಬಳಸಿದ ಹರಳಿನ ಮೈಕು ಬಹಳ ನಾಜೂಕಿನದು: ಒಳಗಿನ ರೋಶೆಲ್ ಉಪ್ಪಿನ ಹರಳು ತೇವಕ್ಕೆ ಕರಗುತ್ತದೆ, ಸುಮಾರು ೫೫ ಡಿಗ್ರಿ ಸೆಲ್ಸಿಯಸ್ ಕಾವಿಗೆ ಕೆಡುತ್ತದೆ. ರಾಮದುರ್ಗದ ಬೇಸಿಗೆಯಲ್ಲಿ ಬಿಸಿಲಿಗಿಟ್ಟ ತಗಡಿನ ಪೆಟ್ಟಿಗೆಯೊಳಗೆ ಅಷ್ಟು ಕಾವು ಏರುವದು ಕಷ್ಟವಲ್ಲ.

ಡೈನಮಿಕ್ ಮೈಕಿಗೂ ಶತ್ರುಗಳಿಲ್ಲದಿಲ್ಲ. ಯಲ್ಲಮ್ಮನ ಗುಡ್ಡದ ಭಂಡಾರ ಜಾಳಿಗೆಯೊಳಗೆ ಹೊಕ್ಕು, ಹಾಡುವವರ ಎಂಜಲಿನೊಡನೆ ಕಲೆತು ಲೇಪವಾಗುತ್ತದೆ. ದನಿ ಕಂಬಳಿ ಹೊದ್ದಂತಾಗುವದಕ್ಕೆ ಇದು ಸಾಕು. ಜಾಳಿಗೆಯನ್ನು ತಿರುವಿ ಬಿಚ್ಚಿ, ಅದನ್ನಷ್ಟೇ ಬೆಚ್ಚನೆಯ ಸಾಬೂನುನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿರಿ. ಒಳಗಿನ ಪರದೆಗೆ ಕೈ ತಾಗಿಸಬೇಡಿರಿ. ಕಮ್ಮಾರಸಾಲೆ, ವೆಲ್ಡಿಂಗ್ ಅಂಗಡಿಯ ನೆಲದ ಮೇಲೆ ಮೈಕು ಇಡಬೇಡಿರಿ; ಕಬ್ಬಿಣದ ಪುಡಿಯನ್ನು ಅಯಸ್ಕಾಂತ ಒಳಗೆಳೆದುಕೊಂಡರೆ ಹೊರತೆಗೆಯುವದು ಬಲು ಕಷ್ಟ. ಮೈಕು ಬಂದಿದೆಯೋ ಇಲ್ಲವೋ ಎಂದು 'ಫೂ ಫೂ' ಊದುವದು, ಬೆರಳಿನಿಂದ ಕುಟ್ಟುವದು ಬೇಡ. ಎರಡು ಮಾತು ಆಡಿದರೆ ಗೊತ್ತಾಗುತ್ತದೆ. ತಂತಿಯನ್ನು ಮೊಳಕೈಗೆ ಬಿಗಿಯಾಗಿ ಸುತ್ತಿದರೆ ಒಳಗಿನ ಎಳೆಗಳು ಮುರಿದು ನಡುರಾತ್ರಿ ಕರಕರ ಎನ್ನುತ್ತವೆ. ಅಗಲವಾದ ಸಡಿಲು ಸುರುಳಿ ಮಾಡಿರಿ.

ಎಲ್ಲಕ್ಕಿಂತ ಮುಖ್ಯವಾದದ್ದು ಅರ್ಥಿಂಗ್. ಕಂಬದಿಂದ ಕೊಕ್ಕೆ ಹಾಕಿ ತಂದ ಕರೆಂಟು, ಅರ್ಥಿಂಗ್ ಇಲ್ಲದ ಆಂಪ್ಲಿಫಾಯರು, ಬೆವರಿದ ಕೈ, ತುಟಿಗೆ ತಾಗಿದ ಲೋಹದ ಜಾಳಿಗೆ ಇವು ಒಂದೆಡೆ ಕೂಡಿದರೆ ಹಾಡುವವನ ಜೀವಕ್ಕೇ ಅಪಾಯ. ಮೈಕು ತುಸು ಚುರುಕ್ಕೆಂದರೂ ಆಟ ನಿಲ್ಲಿಸಿ ತಂತಿ ತಿಳಿದವನನ್ನು ಕರೆಸಬೇಕು. ೨೦೦೦ದ ಶಬ್ದಮಾಲಿನ್ಯ ನಿಯಮಗಳು ಬಯಲಿನಲ್ಲಿ ರಾತ್ರಿ ೧೦ರಿಂದ ಬೆಳಗಿನ ೬ರವರೆಗೆ ಧ್ವನಿವರ್ಧಕವನ್ನು ತಡೆದಿರುವದರಿಂದ ಪರವಾನಿಗೆಯನ್ನೂ ಮೊದಲೇ ವಿಚಾರಿಸಿರಿ.

ಆಟದ ಸಂಜೆ ಹಂದರ ಬರಿದಾಗಿರುವಾಗ ಒಬ್ಬನನ್ನು ಕೊನೆಯ ಸಾಲಿನ ಜಾಗಕ್ಕೆ ಕಳಿಸಿರಿ. ಪೇಟಿ ಬಾರಿಸುತ್ತಿರಲಿ, ಪಾತ್ರಧಾರಿ ಅವನಿಗೆ ಗೊತ್ತಿಲ್ಲದ ನಾಲ್ಕು ಮಾತು ಆಡಲಿ. ಅವನು ಅವನ್ನು ಅಲ್ಲಿಂದಲೇ ತಿರುಗಿ ಹೇಳುವವರೆಗೆ ಪೇಟಿಯ ಮೈಕನ್ನು ಇಳಿಸುತ್ತ ಬನ್ನಿರಿ.